ಆರು ತಂತಿಯ ಬೇಸ್‌ನಲ್ಲಿ ಬಿ ತಂತಿ ಸರಿಯಾಗಿ ನುಡಿಯುತ್ತಿಲ್ವಾ? ಪಿಕಪ್ ಬದಲಿಸುವ ಮುಂಚೆ ಇಷ್ಟು ನೋಡಿ

ಕಡಿಮೆ ಬೆಲೆಯ ಆರು ತಂತಿಯ ಬೇಸ್ ಗಿಟಾರ್ ಕೊಂಡವರ ದೂರು ಸಾಮಾನ್ಯವಾಗಿ ಒಂದೇ. ಮಧ್ಯದ ನಾಲ್ಕು ತಂತಿ ಚೆನ್ನಾಗಿವೆ, ಮಂದ್ರದ ಬಿ ಮಾತ್ರ ಸರಿಯಿಲ್ಲ. ಬಾರಿಸಿದರೆ ಗೊಳಗೊಳ ಅನ್ನುತ್ತದೆ. ಯಾವ ಸ್ವರ ಅಂತ ಬಾರಿಸಿದವನಿಗೇ ಗೊತ್ತಾಗುವುದಿಲ್ಲ. ಆ ಕಡೆ ಸಿ ತಂತಿ ತಗಡು ಬಡಿದ ಹಾಗೆ ತೆಳ್ಳಗೆ ಕೇಳುತ್ತದೆ.

ನನ್ನ ಬೇಸ್‌ನಲ್ಲೂ ಇದೇ ಆಗಿತ್ತು. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಆರು ತಂತಿಯ ಬೇಸ್ ತಗೊಂಡಿದ್ದೆ. ಕೇಳಿದವರೆಲ್ಲ "ಪಿಕಪ್ ಬದಲಿಸಪ್ಪ, ಈ ಬೆಲೆಗೆ ಬರೋ ಪಿಕಪ್ ಇಷ್ಟೇ" ಅಂದರು. ಪಿಕಪ್ ಅಂದರೆ ತಂತಿಯ ಕಂಪನವನ್ನು ಕರೆಂಟಿಗೆ ತಿರುಗಿಸುವ ಭಾಗ. ಬದಲಿಸಿದೆ. ಇಡೀ ಸೀಸನ್ನಿನ ದುಡ್ಡು ಹೋಯಿತು. ಬಿ ಮಾತ್ರ ಹಾಗೇ ಇತ್ತು. ತಪ್ಪು ಇದ್ದದ್ದು ತಂತಿಯಲ್ಲಿ ಮತ್ತು ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿಯಾದ ನಟ್‌ನಲ್ಲಿ. ಅದನ್ನು ಹುಡುಕಲು ನನಗೆ ಒಂದು ವರ್ಷ ಬೇಕಾಯಿತು. ನಿಮಗೆ ಒಂದು ಭಾನುವಾರ ಸಾಕಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೇಸ್ ಬಿಟ್ಟು ಆಂಪ್ ನೋಡಿ

ತೆರೆದ ಬಿ ತಂತಿಯ ಮೂಲ ಕಂಪನ ಸೆಕೆಂಡಿಗೆ 30.87 ಸಲ, ಅಂದರೆ ಸುಮಾರು 31 ಹರ್ಟ್ಜ್. ನಾಲ್ಕು ತಂತಿಯ ಬೇಸ್‌ನ ಇ ತಂತಿ 41.2 ಹರ್ಟ್ಜ್. ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಳ್ಳುವ 8 ಅಥವಾ 10 ಇಂಚಿನ ಸ್ಪೀಕರ್ ಇರುವ ಆಂಪ್‌ಗೆ 31 ಹರ್ಟ್ಜ್ ಸರಿಯಾಗಿ ನುಡಿಸುವ ಶಕ್ತಿಯೇ ಇರುವುದಿಲ್ಲ. ದೊಡ್ಡ ಸ್ಟೇಜ್ ಆಂಪ್‌ಗಳೂ ಅಲ್ಲಿ ಸೋಲುತ್ತವೆ. ಹಾಗಾದರೆ ನಮಗೆ ಬಿ ಕೇಳುವುದು ಹೇಗೆ? ಅದರ ಮೇಲಿನ ಸ್ವರಗಳಿಂದ. 62 ಹರ್ಟ್ಜ್, 93 ಹರ್ಟ್ಜ್, 124 ಹರ್ಟ್ಜ್, ಹೀಗೆ ಮೇಲೆ ಹೋಗುವ ಸಾಲು ಕಿವಿಗೆ ಬಿದ್ದರೆ ಕೆಳಗಿನ ಮೂಲ ಸ್ವರವನ್ನು ಮನಸ್ಸೇ ತುಂಬಿಕೊಳ್ಳುತ್ತದೆ.

ತಂಬೂರಿ ಕೇಳಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಮಂದ್ರ ಷಡ್ಜದ ತಂತಿ ಮೀಟಿದರೆ ಅಂತರ ಗಾಂಧಾರ ತಾನಾಗಿ ಕೇಳುತ್ತದೆ ಅಲ್ವಾ, ಅದೇ ಸ್ವಯಂಭೂ ಸ್ವರ. ಬೇಸ್‌ನ ಬಿ ತಂತಿ ಬದುಕುವುದು ಇಂಥ ಸ್ವರಗಳ ಮೇಲೆ. ಅವನ್ನು ಕೊಲ್ಲುವ ಯಾವುದೇ ದೋಷ ಇದ್ದರೂ ಮೊದಲು ಸಾಯುವುದು ಬಿ. ಹಳೇ ತಂತಿ, ಸಡಿಲ ನಟ್, ತೀರಾ ಹತ್ತಿರದ ಪಿಕಪ್, ಯಾವುದಾದರೂ ಸರಿ. ಇನ್ನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿಗೆ ಸೇರಿದ್ದು.

ಪರೀಕ್ಷೆ ಸುಲಭ. ಒಳ್ಳೆಯ ಹೆಡ್‌ಫೋನ್ ಹಾಕಿ ಅದೇ ಬೇಸ್ ಬಾರಿಸಿ. ಅಲ್ಲಿ ಬಿ ಸ್ಪಷ್ಟವಾಗಿದ್ದರೆ ಬೇಸ್‌ಗೆ ಕೈ ಹಾಕಬೇಡಿ, ಆಂಪ್‌ನ ಬೇಸ್ ನಾಬ್ (ತಗ್ಗಿನ ಸದ್ದು) ಸ್ವಲ್ಪ ಇಳಿಸಿ, ಮಿಡ್ (ನಡುವಿನ ಸದ್ದು) ಏರಿಸಿ. ಹೆಡ್‌ಫೋನ್‌ನಲ್ಲೂ ಗೊಳಗೊಳ ಅಂದರೆ ಮುಂದೆ ಓದಿ. ಇನ್ನೊಂದು ಮಾತು. ಫೋನಿನ ಟ್ಯೂನರ್ ಆ್ಯಪ್ ತೆರೆದ ಬಿ ಹಿಡಿಯಲು ಒದ್ದಾಡುತ್ತದೆ. 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ತಂತಿಗೆ ಬೆರಳು ಒತ್ತದೆ ಸುಮ್ನೆ ತಾಗಿಸಿ ಮೀಟಿ, ಆಗ ಬರುವ ಮೇಲಿನ ಸ್ವರದಿಂದ, ಅಂದರೆ ಹಾರ್ಮೋನಿಕ್‌ನಿಂದ, ಶ್ರುತಿ ಮಾಡಿ. ಎಷ್ಟೋ ಸಲ "ಬಿ ಸರಿಯಿಲ್ಲ" ಅನ್ನುವುದು ಬರೀ ಶ್ರುತಿ ತಪ್ಪಿದ್ದು ಅಷ್ಟೇ.

ತಂತಿ: ಜಾಸ್ತಿ ದೋಷ ಇರುವುದು ಇಲ್ಲೇ

ಬೇಸ್ ಜೊತೆ ಬಂದ ತಂತಿಯೇ ಇನ್ನೂ ಇದೆಯಾ? ಹಾಗಿದ್ದರೆ ಮೊದಲು ಅದನ್ನು ತೆಗೆಯಿರಿ. ಅಂಗಡಿಯಲ್ಲಿ ಎಷ್ಟು ತಿಂಗಳು ನೇತಾಡಿತ್ತೋ, ಎಷ್ಟು ಜನರ ಬೆವರು ಕುಡಿದಿದೆಯೋ ಯಾರಿಗೆ ಗೊತ್ತು. ಸುತ್ತುಗಳ ಮಧ್ಯೆ ಕೊಳೆ ಕೂತರೆ ತಂತಿಯ ಮೇಲಿನ ಸ್ವರಗಳು ಹೋಗುತ್ತವೆ. ಜಿ ತಂತಿಯಲ್ಲಿ ಅದು "ಸ್ವಲ್ಪ ಮಂಕು" ಅನ್ನಿಸಬಹುದು. ಬಿಯಲ್ಲಿ ಸ್ವರವೇ ಕಳೆದುಹೋಗುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಬಾರಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸುವ ಅಭ್ಯಾಸ ಒಂದೇ ತಂತಿಯ ಆಯುಸ್ಸನ್ನು ಚೆನ್ನಾಗಿ ಹೆಚ್ಚಿಸುತ್ತದೆ.

ಹೊಸ ಸೆಟ್ ಕೊಳ್ಳುವಾಗ ಒಂದು ಗುಂಡಿ ಇದೆ, ಬೀಳಬೇಡಿ. "ಆರು ತಂತಿಯ ಬೇಸ್" ಅಂದರೆ ಎರಡು ಬೇರೆ ವಾದ್ಯಗಳು. ಒಂದು 1961ರಲ್ಲಿ ಫೆಂಡರ್ ತಂದ ಬೇಸ್ ಸಿಕ್ಸ್. ಅದರ ಸ್ಕೇಲ್ (ತಂತಿಯ ನುಡಿಯುವ ಭಾಗದ ಉದ್ದ) 30 ಇಂಚು, ಶ್ರುತಿ ಸಾಮಾನ್ಯ ಗಿಟಾರ್‌ಗಿಂತ ಒಂದು ಸ್ಥಾಯಿ ಕೆಳಗೆ, ಇ ಇಂದ ಇ ವರೆಗೆ. ಇನ್ನೊಂದು ನಾವು ಬಾರಿಸುವ ಬಿ-ಇ-ಎ-ಡಿ-ಜಿ-ಸಿ ಬೇಸ್. ಅದು ಅಮೆರಿಕದ ಬೇಸ್ ವಾದಕ ಆಂಥೊನಿ ಜ್ಯಾಕ್ಸನ್ ಅವರ ಆಸೆಯಿಂದ ಹುಟ್ಟಿದ್ದು. ಅವರಿಗಾಗಿ ವಾದ್ಯ ತಯಾರಕ ಕಾರ್ಲ್ ಥಾಂಪ್ಸನ್ 1970ರ ದಶಕದ ಮಧ್ಯದಲ್ಲಿ ಮೊದಲನೆಯದನ್ನು ಮಾಡಿಕೊಟ್ಟರು. ಆನ್‌ಲೈನ್‌ನಲ್ಲಿ ಹುಡುಕಿದರೆ ಎರಡರ ತಂತಿಯೂ ಒಟ್ಟಿಗೇ ಬರುತ್ತವೆ. ಪ್ಯಾಕೆಟ್ ಮೇಲೆ ಕೊನೆಯ ಸಂಖ್ಯೆ 84 ಅಥವಾ 100ರ ಹತ್ತಿರ ಇದ್ದರೆ ಅದು ನಿಮ್ಮದಲ್ಲ. ನಿಮ್ಮದು 125ರಿಂದ 135ರವರೆಗೆ ಇರಬೇಕು. ಈ ಸಂಖ್ಯೆಗಳು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. 130 ಅಂದರೆ 0.130 ಇಂಚು, ಅಂದರೆ 3.3 ಮಿ.ಮೀ. ದಪ್ಪ.

ಸಾಮಾನ್ಯವಾಗಿ ಸಿಗುವ ಸೆಟ್ 32ರಿಂದ 130. ಮೊದಲ ಸಲಕ್ಕೆ ಅದನ್ನೇ ತಗೊಳ್ಳಿ. ನಿಕಲ್ ಲೇಪದ ಸ್ಟೀಲ್ ರೌಂಡ್‌ವೌಂಡ್ (ದುಂಡು ಕಂಬಿ ಸುತ್ತಿದ್ದು) ಸಾಕು. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಹೊಳಪಾಗಿ ನುಡಿಯುತ್ತದೆ, ಬಿಗೆ ಅದು ಒಳ್ಳೆಯದೇ. ಆದರೆ ಫ್ರೆಟ್ ಬೇಗ ಸವೆಸುತ್ತದೆ, ಬೆರಳಿಗೂ ಒರಟು. ಫ್ಲಾಟ್‌ವೌಂಡ್ (ಚಪ್ಪಟೆ ಕಂಬಿ ಸುತ್ತಿದ್ದು) ನನಗೆ ತುಂಬ ಇಷ್ಟ. ಆದರೂ ದೋಷ ಹುಡುಕುತ್ತಿರುವಾಗ ಹಾಕಬೇಡಿ. ಅದರಲ್ಲಿ ಮೇಲಿನ ಸ್ವರಗಳೇ ಕಡಿಮೆ, ಹಾಗಾಗಿ ದೋಷ ತಂತಿಯದಾ ಬೇಸ್‌ನದಾ ಗೊತ್ತಾಗುವುದಿಲ್ಲ.

"ಬಿ ಸಡಿಲ ಅನ್ನಿಸಿದರೆ ದಪ್ಪ ತಂತಿ ಹಾಕು" ಅನ್ನುವುದು ಎಲ್ಲರ ಸಲಹೆ. ಅರ್ಧ ನಿಜ. 34 ಇಂಚಿನ ಬೇಸ್‌ನಲ್ಲಿ 130ರ ಬಿ ತಂತಿಯ ಎಳೆತ ಸುಮಾರು 35 ಪೌಂಡ್, ಅಂದರೆ 16 ಕಿಲೋ. ಪಕ್ಕದ ತಂತಿಗಳು ಅದಕ್ಕಿಂತ ಬಿಗಿಯಾಗಿರುತ್ತವೆ, ಅದಕ್ಕೇ ಬಿ ಕೈಗೆ ಸಡಿಲ ಅನ್ನಿಸುವುದು. 34 ಇಂಚಿನ ಅಳತೆ 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗಿನಿಂದ ನಡೆದುಬಂದದ್ದು, ಅದರಲ್ಲಿ ಬಿ ತಂತಿಯೇ ಇರಲಿಲ್ಲ. 130 ತೆಗೆದು 135 ಹಾಕಿದರೆ ಎಳೆತ ಶೇ. 8ರಷ್ಟು ಏರುತ್ತದೆ. 35 ಇಂಚಿನ ಸ್ಕೇಲ್ ಇರುವ ಬೇಸ್‌ನಲ್ಲಿ ಅದೇ ತಂತಿ ಶೇ. 6 ಜಾಸ್ತಿ ಬಿಗಿ. ಆದರೆ ದಪ್ಪ ತಂತಿ ಗಡುಸೂ ಹೌದು. ಗಡುಸು ಜಾಸ್ತಿಯಾದಷ್ಟೂ ಮೇಲಿನ ಸ್ವರಗಳು ಶ್ರುತಿಗಿಂತ ಸ್ವಲ್ಪ ಮೇಲೆ ಜಾರುತ್ತವೆ, ಸದ್ದು ಇನ್ನಷ್ಟು ಕಲಸಿಹೋಗುತ್ತದೆ. ನನ್ನ ಅನುಭವದಲ್ಲಿ ಹಳೇ 135ಕ್ಕಿಂತ ಹೊಸ 125 ಎಷ್ಟೋ ಸ್ಪಷ್ಟ. ಸಿ ತಂತಿಗೆ ಮಾತ್ರ ದಪ್ಪ ಮಾಡುವುದು ಕೆಲಸ ಮಾಡುತ್ತದೆ. 30 ಇದ್ದರೆ 32 ಅಥವಾ 35 ಬಿಡಿಯಾಗಿ ತಂದು ಹಾಕಿ, ತಗಡಿನ ಸದ್ದು ಕಡಿಮೆಯಾಗುತ್ತದೆ.

ಕೊಳ್ಳುವ ಮುಂಚೆ ಟೇಪ್ ಹಿಡಿದು, ಬೇಸ್‌ನ ಬುಡದಲ್ಲಿ ತಂತಿ ಕಟ್ಟುವ ಬ್ರಿಡ್ಜ್‌ನಲ್ಲಿ ತಂತಿಯ ಗುಂಡು ಕೂರುವ ಜಾಗದಿಂದ ನಟ್‌ವರೆಗೆ ಅಳೆಯಿರಿ. ತಂತಿಯ ದಪ್ಪ ಭಾಗ ಆ ಅಳತೆಗಿಂತ ಉದ್ದ ಇರಬೇಕು. ಸುತ್ತು ತೆಳ್ಳಗಾಗುವ ಜಾಗ ನಟ್ ಮೇಲೇ ಬಂದರೆ ಆ ತಂತಿ ಯಾವತ್ತೂ ಸರಿಯಾಗಿ ನುಡಿಯುವುದಿಲ್ಲ.

ಹಾಕುವ ಕ್ರಮವೂ ಮುಖ್ಯ. ಬಿ ತಂತಿಯನ್ನು ತಿರುಚಿ ಹಾಕಿದರೆ ಅದು ಸತ್ತ ಹಾಗೇ. ಶ್ರುತಿ ಮಾಡುವ ಕೀಗೆ ಸೇರಿಸುವ ಮುಂಚೆ ತಂತಿಯನ್ನು ಗಾಳಿಯಲ್ಲಿ ಸುಮ್ನೆ ನೇತಾಡಲು ಬಿಡಿ, ತಿರುಚು ಇದ್ದರೆ ತಾನೇ ಬಿಚ್ಚಿಕೊಳ್ಳುತ್ತದೆ. ಕತ್ತರಿಸುವ ಜಾಗದ ಸ್ವಲ್ಪ ಮುಂಚೆ ಇಕ್ಕಳದಲ್ಲಿ ಮಡಿಸಿ, ಆಮೇಲೆ ಕತ್ತರಿಸಿ. ಮಡಿಸದೆ ಕತ್ತರಿಸಿದರೆ ಒಳಗಿನ ಕಂಬಿಯ ಮೇಲಿನ ಸುತ್ತು ಸಡಿಲವಾಗುವ ಅಪಾಯ ಇದೆ. ಶ್ರುತಿಗೆ ಏರಿಸಿದ ಮೇಲೆ, ಬ್ರಿಡ್ಜ್‌ನಲ್ಲಿ ತಂತಿಯನ್ನು ಹೊರುವ ಸ್ಯಾಡಲ್‌ನ ಮುಂದೆ ಮತ್ತು ನಟ್‌ನ ಮುಂದೆ ಹೆಬ್ಬೆರಳಿನಿಂದ ತಂತಿಯನ್ನು ಮೆಲ್ಲಗೆ ಕೆಳಗೆ ಒತ್ತಿ. 3.3 ಮಿ.ಮೀ. ದಪ್ಪದ ತಂತಿ ತಾನಾಗಿ ಮಣಿಯುವುದಿಲ್ಲ, ಸ್ಯಾಡಲ್ ಮೇಲೆ ಕಮಾನಿನ ಹಾಗೆ ಎದ್ದು ನಿಂತಿರುತ್ತದೆ. ಒತ್ತಿದಾಗ ಅಲ್ಲೊಂದು ಚೂಪಾದ ತಿರುವು ಬರುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರ ಸರಿಸಿ ಜೀವ ಹಿಡಿಸುವುದನ್ನು ನೋಡಿದ್ದೀರಲ್ಲ, ಒಂದು ಕೂದಲೆಳೆ ಸರಿದರೆ ಸದ್ದೇ ಬೇರೆ. ಇಲ್ಲೂ ಅಷ್ಟೇ. ತಂತಿ ಎಲ್ಲಿ ಮುಟ್ಟುತ್ತದೆ ಅನ್ನುವುದು ಸ್ಪಷ್ಟವಾಗಬೇಕು. ಒತ್ತಿದ ಮೇಲೆ ಮತ್ತೆ ಶ್ರುತಿ ಮಾಡಿ. ಎಷ್ಟೋ ಬೇಸ್‌ಗಳ ದೋಷ ಇಲ್ಲಿಗೇ ಮುಗಿಯುತ್ತದೆ.

ನಟ್

ನನ್ನ ಬೇಸ್‌ನ ನಿಜವಾದ ರೋಗ ಇಲ್ಲಿತ್ತು. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ಬಿ ತಂತಿ ನಟ್‌ನ ಕಚ್ಚಿನ ಒಳಗೆ ಕೂತಿರಲೇ ಇಲ್ಲ. ಕಚ್ಚಿನ ಎರಡು ಅಂಚಿನ ಮೇಲೆ, ಹಳಿ ಮೇಲೆ ಗಾಲಿ ನಿಂತ ಹಾಗೆ ನಿಂತಿತ್ತು. ಕೆಳಗೆ ತೆಳ್ಳನೆಯ ಬೆಳಕಿನ ಗೆರೆ ಕಾಣುತ್ತಿತ್ತು. ಕಚ್ಚನ್ನು 125ರ ತಂತಿಗೆ ಕೊರೆದಿದ್ದರು, ನನ್ನ ಮುಂಚಿನ ಮಾಲೀಕರು 135 ಹಾಕಿದ್ದರು. ನಾನೂ ಅದೇ ಅಳತೆ ಮುಂದುವರಿಸಿದ್ದೆ.

ಪರೀಕ್ಷೆ ಹೀಗೆ. ಒಂದೊಂದು ತಂತಿಯನ್ನೂ 3ನೇ ಫ್ರೆಟ್‌ನಲ್ಲಿ ಒತ್ತಿ. 1ನೇ ಫ್ರೆಟ್ ಮೇಲೆ ಕಾಗದ ತೂರುವಷ್ಟು ಸಂದು ಉಳಿಯಬೇಕು, ಅಷ್ಟೇ. ಸಂದು ದೊಡ್ಡದಿದ್ದರೆ ಕಚ್ಚು ಎತ್ತರ ಇದೆ ಅಂತ ಅರ್ಥ. ಆಗ ಮೊದಲ ಮೂರು ಫ್ರೆಟ್‌ಗಳ ಸ್ವರ ಏರಿ ಕೇಳುತ್ತದೆ, ಕೈಗೂ ಗಡುಸು. ಸಂದು ಏನೂ ಇಲ್ಲದೆ ತೆರೆದ ತಂತಿ ಮಾತ್ರ ಗರ್ ಅಂದರೆ ಕಚ್ಚು ಜಾಸ್ತಿ ಇಳಿದಿದೆ. ಇನ್ನೊಂದು ಸುಳಿವು: ತೆರೆದ ಬಿ ಮಂಕು, ಆದರೆ ಅದೇ ತಂತಿಯಲ್ಲಿ 2ನೇ ಫ್ರೆಟ್ ಒತ್ತಿದರೆ ಸ್ಪಷ್ಟ ಅಂದರೆ ನಟ್ ಮೇಲೇ ಅನುಮಾನ. ಒತ್ತಿದಾಗ ನಟ್ ಆಟದಿಂದ ಹೊರಗೆ ಹೋಗುತ್ತದಲ್ಲ.

ಕಚ್ಚು ಅಗಲ ಮಾಡುವುದು ಗೊತ್ತಿದ್ದವರ ಕೈಯಲ್ಲಿ ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದೆ ಅರ ಹಿಡಿಯಬೇಡಿ. ತೆಗೆದ ಪ್ಲಾಸ್ಟಿಕ್ ಮತ್ತೆ ಬರುವುದಿಲ್ಲ. ಹೊಸದಾಗಿ ಮೂಳೆಯ ನಟ್ ಮಾಡಿಸುವ ಮನಸ್ಸಿದ್ದರೆ ಈ ಹೊತ್ತೇ ಸರಿ, ನೀವು ಮುಂದೆ ಹಾಕುವ ತಂತಿಯ ಪ್ಯಾಕೆಟನ್ನು ಜೊತೆಗೇ ಕೊಡಿ.

ಕತ್ತು ಮತ್ತು ಎತ್ತರ

ಆರು ತಂತಿ ಸೇರಿ ಬೇಸ್‌ನ ಕತ್ತನ್ನು ನೂರು ಕಿಲೋಗಿಂತ ಜಾಸ್ತಿ ಬಲದಿಂದ ಎಳೆಯುತ್ತವೆ. ಒಂದು ಕ್ವಿಂಟಲ್ ಅಕ್ಕಿ ಮೂಟೆ ನೇತುಹಾಕಿದ ಹಾಗೆ. ತಂತಿಯ ಗೇಜ್ (ದಪ್ಪ) ಬದಲಾದರೆ, ಮಳೆಗಾಲ ಬಂದರೆ, ಕತ್ತು ಅಲುಗುತ್ತದೆ. ಅದು ದೋಷ ಅಲ್ಲ, ಮರದ ಗುಣ.

1ನೇ ಫ್ರೆಟ್‌ನಲ್ಲಿ ಒಂದು ಬೆರಳು, ಕೊನೆಯ ಫ್ರೆಟ್‌ನಲ್ಲಿ ಒಂದು ಬೆರಳು ಇಟ್ಟು ತಂತಿ ಒತ್ತಿ. 7 ಅಥವಾ 8ನೇ ಫ್ರೆಟ್ ಮೇಲೆ 0.3 ಮಿ.ಮೀ. ಹತ್ತಿರ ಸಂದು ಇರಬೇಕು, ಹೆಚ್ಚುಕಡಿಮೆ ವಿಸಿಟಿಂಗ್ ಕಾರ್ಡಿನ ದಪ್ಪ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಇದಕ್ಕೆ ಹೇಳಿ ಮಾಡಿಸಿದ್ದು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ (ಕತ್ತಿನ ಒಳಗಿನ ಲೋಹದ ಸರಳು) ಬಿಗಿ ಮಾಡಿ, ಇಲ್ಲವೇ ಇಲ್ಲ ಅಂದರೆ ಸಡಿಲ ಮಾಡಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಸರಿಯಾದ ಅಳತೆಯ ಅಲೆನ್ ಕೀಯನ್ನೇ ಬಳಸಿ, ತಿರುಗದಿದ್ದರೆ ಬಲ ಹಾಕಬೇಡಿ. ಅಗಲ ಕತ್ತಿನ ಕೆಲವು ಬೇಸ್‌ಗಳಲ್ಲಿ ಎರಡು ರಾಡ್ ಇರುತ್ತವೆ. ಆಗ ಎರಡನ್ನೂ ಸಮವಾಗಿ ತಿರುಗಿಸಬೇಕು.

ಕತ್ತು ಸರಿಯಾದ ಮೇಲೆ 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ನೋಡಿ. ಸಿ ಕಡೆ 2 ಮಿ.ಮೀ., ಬಿ ಕಡೆ 2.5ರಿಂದ 2.8 ಮಿ.ಮೀ. ಒಳ್ಳೆಯ ಆರಂಭ. ಬಿ ದೊಡ್ಡದಾಗಿ ಓಲಾಡುವ ತಂತಿ, ಅದಕ್ಕೆ ಜಾಗ ಬೇಕು. ತೀರಾ ಇಳಿಸಿ ಆಮೇಲೆ ಗರ್ ಅನ್ನುತ್ತದೆ ಅಂತ ಫ್ರೆಟ್ ಬೈಯುವುದು ಸರಿಯಲ್ಲ. ಒಂದೇ ಜಾಗದಲ್ಲಿ ಗರ್ ಅಂದರೆ ಮಾತ್ರ ಅಲ್ಲಿಯ ಮುಂದಿನ ಫ್ರೆಟ್ ಎದ್ದಿರಬಹುದು. ಮೂರು ಫ್ರೆಟ್ ಮೇಲೆ ಎಟಿಎಂ ಕಾರ್ಡಿನ ಅಂಚು ನಿಲ್ಲಿಸಿ ಅಲ್ಲಾಡಿಸಿ. ಅಲ್ಲಾಡಿದರೆ ಮಧ್ಯದ್ದು ಎತ್ತರ.

ಕೊನೆಗೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿ ಇರುವುದು. 12ನೇ ಫ್ರೆಟ್ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಹಿಂದೆ ಸರಿಸಿ, ಇಳಿದಿದ್ದರೆ ಮುಂದೆ. ಸರಿಸುವ ಮುಂಚೆ ತಂತಿ ಸ್ವಲ್ಪ ಸಡಿಲಿಸಿ. ಕಡಿಮೆ ಬೆಲೆಯ ಬ್ರಿಡ್ಜ್‌ಗಳಲ್ಲಿ ಬಿಯ ಸ್ಯಾಡಲ್‌ಗೆ ಹಿಂದೆ ಹೋಗಲು ಜಾಗ ಮುಗಿದುಹೋಗುವುದುಂಟು. ಆಗ ಸ್ಪ್ರಿಂಗ್ ತೆಗೆದು ಅದರ ಅರ್ಧ ಕತ್ತರಿಸಿ ಹಾಕಿ, ಮೂರು ನಾಲ್ಕು ಮಿ.ಮೀ. ಸಿಗುತ್ತದೆ. ಅದೂ ಸಾಲದಿದ್ದರೆ ಸ್ಯಾಡಲ್ ಮೇಲೆ ಕೂರುವ ಭಾಗ ಮಾತ್ರ ತೆಳ್ಳಗಿರುವ ಟೇಪರ್ ತಂತಿ ತಗೊಳ್ಳಿ.

ಪಿಕಪ್‌ನ ಎತ್ತರ

ಪಿಕಪ್‌ನಲ್ಲಿ ಇರುವುದು ಅಯಸ್ಕಾಂತ. ಬಿ ತಂತಿಗೆ ತೀರಾ ಹತ್ತಿರ ಇಟ್ಟರೆ ಅದು ತಂತಿಯನ್ನು ಎಳೆದು ಹಿಡಿಯುತ್ತದೆ. ಸ್ವರ ಎರಡಾಗಿ ಅಲೆಯುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಅಂತೂ ಇಂಟೊನೇಷನ್ ಕೂರುವುದೇ ಇಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದು ಬಿ ಕಡೆ ಪಿಕಪ್ 4 ಮಿ.ಮೀ. ದೂರಕ್ಕೆ ಇಳಿಸಿ ಕೇಳಿ. ಸಿ ಕಡೆ ಸ್ವಲ್ಪ ಏರಿಸಿ. ಎರಡು ಸ್ಕ್ರೂ ತಿರುಗಿಸುವ ಕೆಲಸ, ಖರ್ಚಿಲ್ಲ. ಪಿಕಪ್ ಬದಲಿಸುವ ಮುಂಚೆ ನಾನು ಇದನ್ನೂ ಮಾಡಿ ನೋಡಿರಲಿಲ್ಲ.

ಗುಂಯ್ ಅನ್ನುವ ಸದ್ದು, ಬ್ಯಾಟರಿ

ಆ್ಯಕ್ಟಿವ್ ಬೇಸ್‌ನಲ್ಲಿ, ಅಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್ ಇರುವ ಬೇಸ್‌ನಲ್ಲಿ, ಜೋರಾಗಿ ಬಾರಿಸಿದಾಗ ಸ್ವರ ಒಡೆದು ಬರಬರ ಅಂದರೆ ಮೊದಲು 9 ವೋಲ್ಟ್ ಬ್ಯಾಟರಿ ಬದಲಿಸಿ. ಮಲ್ಟಿಮೀಟರ್‌ನಲ್ಲಿ ಏಳೂವರೆ ವೋಲ್ಟ್‌ಗಿಂತ ಕೆಳಗಿದ್ದರೆ ಅದರ ಕೆಲಸ ಮುಗಿಯಿತು. ಆ್ಯಕ್ಟಿವ್ ಬೇಸ್‌ನಲ್ಲಿ ಕೇಬಲ್ ಚುಚ್ಚಿಟ್ಟರೆ ಸಾಕು, ಬಾರಿಸದೇ ಇದ್ದರೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ರಾತ್ರಿ ಕೇಬಲ್ ತೆಗೆದಿಡಿ.

ನಮ್ಮ ದೇಶದ ಕರೆಂಟ್ 50 ಹರ್ಟ್ಜ್. ಗುಂಯ್ ಸದ್ದು 50 ಮತ್ತು 100 ಹರ್ಟ್ಜ್‌ನಲ್ಲಿ ಬರುತ್ತದೆ. ತೆರೆದ ಜಿ ತಂತಿ 98 ಹರ್ಟ್ಜ್. ಎರಡೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಸುಮಾರು ಎರಡು ಸಲ ವವ್-ವವ್ ಅಂತ ಅಲೆಯುತ್ತದೆ. ಜಿ ತಂತಿಯ ಶ್ರುತಿ ನಿಲ್ಲುತ್ತಿಲ್ಲ ಅಂತ ಕೀ ಬದಲಿಸುವ ಮುಂಚೆ ಆಂಪ್ ಆಫ್ ಮಾಡಿ ಕೇಳಿ. ಅಲೆ ನಿಂತರೆ ಅದು ಕರೆಂಟಿನ ಸದ್ದು.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಬ್ರಿಡ್ಜ್‌ನ ಗ್ರೌಂಡ್ ವೈರ್ ಸರಿ ಇದೆ, ಒಳಗೆ ಶೀಲ್ಡಿಂಗ್ (ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ) ಸಾಲದು. ಬೆಂಗಳೂರಾದರೆ ಎಸ್.ಪಿ. ರೋಡ್‌ನಲ್ಲಿ ತಾಮ್ರದ ಟೇಪ್ ಸಿಗುತ್ತದೆ, ಪಿಕಪ್, ವೈರ್ ಕೂರುವ ಗುಳಿಯ ಒಳಗೆಲ್ಲ ಅಂಟಿಸಿ ಗ್ರೌಂಡಿಗೆ ಬೆಸುಗೆ ಹಾಕಿ. ತಂತಿ ಮುಟ್ಟಿದರೆ ಏನೂ ಆಗದೆ ಜ್ಯಾಕ್‌ನ ಲೋಹ ಮುಟ್ಟಿದರೆ ಮಾತ್ರ ಕಡಿಮೆಯಾದರೆ ಬ್ರಿಡ್ಜ್ ಕೆಳಗಿನ ವೈರ್ ಬಿಟ್ಟಿದೆ.

ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಜುಂ ಅಂದರೆ ಅಲ್ಲೇ ಬೇಸ್ ಇಳಿಸಿ. ಇದು ಬೇಸ್‌ನ ದೋಷ ಅಲ್ಲ, ಸ್ಟೇಜಿನ ಅರ್ಥಿಂಗ್ ದೋಷ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ ನಾನೇ ಅನುಭವಿಸಿದ್ದೇನೆ. ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಬಾರಿಸಬೇಡಿ, ಕಾರ್ಯಕ್ರಮ ತಡವಾದರೂ ಪರವಾಗಿಲ್ಲ. ಗುಂಯ್ ನಿಲ್ಲುತ್ತದೆ ಅಂತ ಯಾರಾದರೂ ಆಂಪ್‌ನ ಪ್ಲಗ್‌ನಿಂದ ಅರ್ಥ್ ಪಿನ್ ತೆಗೆಯಲು ಹೇಳಿದರೆ ಒಪ್ಪಬೇಡಿ. ಜೀವ ಹೋಗುವ ವಿಷಯ ಅದು.

ಇಷ್ಟಾದ ಮೇಲೂ ದುಡ್ಡು ಹಾಕಬೇಕು ಅನ್ನಿಸಿದರೆ

ಮೊದಲ ದುಡ್ಡು ತಂತಿಗೆ, ಎರಡನೆಯದು ನಟ್ ಮತ್ತು ಸೆಟಪ್‌ಗೆ, ಮೂರನೆಯದು ಶೀಲ್ಡಿಂಗ್‌ಗೆ. ಆಮೇಲೆ ಬೇಕಾದರೆ ಪ್ರಿಆಂಪ್. ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಸುಯ್ ಅನ್ನುವ ಸದ್ದು ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಹೊಸದರಲ್ಲಿ ಮಿಡ್ ಕಂಟ್ರೋಲ್ ಇರಲಿ, ಬಿ ಕೇಳಿಸುವುದು ಅಲ್ಲೇ. ಕತ್ತು ಕೆಳಗೆ ಬಾಗಿ ಎಡಗೈ ಸೋಲುತ್ತಿದ್ದರೆ ಹಗುರ ಟ್ಯೂನಿಂಗ್ ಕೀಗಳು, ಅಗಲ ಚರ್ಮದ ಪಟ್ಟಿ. ಭಾರದ ಬ್ರಿಡ್ಜ್ ಹಾಕಿಸಿ ಬಿ ಸರಿಯಾದದ್ದನ್ನು ನಾನು ಕಂಡಿಲ್ಲ. ಹಾಕಿಸುವುದೇ ಆದರೆ ತಂತಿಯಿಂದ ತಂತಿಗೆ ಇರುವ ದೂರ ಮಿ.ಮೀ.ನಲ್ಲಿ ಅಳೆದುಕೊಂಡು ಹೋಗಿ. ಪಿಕಪ್ ಕೊನೆಗೆ. ಅದಕ್ಕೂ ಗುಳಿಯ ಉದ್ದ ಅಗಲ ಮೊದಲು ಅಳೆಯಿರಿ. ಆರು ತಂತಿಯ ಪಿಕಪ್‌ಗಳು ಎಲ್ಲ ಒಂದೇ ಅಳತೆಯಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ಬಾರಿಸಿ, ಆಮೇಲೆ ಮುಂದಿನದು. ನನ್ನ ಬೇಸ್‌ನ ಕೇಸಿನೊಳಗೆ ಒಂದು ಚೀಟಿ ಅಂಟಿಸಿದ್ದೇನೆ: ತಂತಿ ಹಾಕಿದ ದಿನಾಂಕ, ಗೇಜ್, ಕತ್ತಿನ ಸಂದು, 12ನೇ ಫ್ರೆಟ್‌ನ ಎತ್ತರ. ಮಳೆಗಾಲ ಶುರುವಾದಾಗ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಅಳೆದು ಅದರ ಕೆಳಗೇ ಹೊಸ ಸಾಲು ಬರೆಯುತ್ತೇನೆ.